ಮೊದಲು ನೀರು ಕುಡಿಸಿ

ಮಕ್ಕಳ ಅಂಟುರೋಗಕ್ಕೆಂದೇ ಬೇರೆ ವಾರ್ಡು ಬೇಕೆಂದು ಹಟ ಹಿಡಿದು ಮಾಡಿಸಿದವರು ನಮ್ಮ ಕಡೆ ಡಾಕ್ಟರ್ ಅಕ್ಕೋರೇ ಮೊದಲು. ಮನೆ, ದವಾಖಾನೆ ಎರಡೂ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ. ತಿಂಗಳಿಗೊಮ್ಮೆ ನಮ್ಮ ಕಮಲಾಪುರಕ್ಕೆ ಬಂದು, ಅಂಗನವಾಡಿಯಲ್ಲಿ ತಾಯಂದಿರನ್ನು ಕೂಡಿಸಿ, ಮಕ್ಕಳ ಗಂಟಲು ನೋಡುವುದನ್ನು ಕಲಿಸುತ್ತಿದ್ದರು.

"ನಾ ಕಲಬುರಗ್ಯಾಗ ಕುಂತಿರ್ತೀನಿ, ಮಾರಿ ನಿಮ್ಮ ಮನ್ಯಾಗ ಹೊಕ್ಕಿರ್ತದ. ನೀವೇ ನೋಡಬೇಕು" ಎನ್ನುತ್ತಿದ್ದರು. ಚಮಚದ ಹಿಡಿಕೆಯಿಂದ ನಾಲಿಗೆ ಒತ್ತು, ಬ್ಯಾಟರಿ ಬಿಡು, ಬಿಳಿ ಪೊರೆ ಕಂಡರೆ ಅದು ಗಂಟಲಮಾರಿ, ಡಾಕ್ಟರರ ಮಾತಲ್ಲಿ ಡಿಫ್ತೀರಿಯಾ, ಆಗಿಂದಾಗಲೇ ಬಸ್ಸು ಹತ್ತು. ಇಷ್ಟೇ ಪಾಠ. ನಾನು ಮುಂದಿನ ಸಾಲಿನವಳು. ಹಿಂದೆ ಕಿಸಿಕಿಸಿ ನಗುವವರನ್ನು ಗದರಿಸುತ್ತಿದ್ದವಳೂ ನಾನೇ. ದೊಡ್ಡ ಜಾಣೆ!

ನನ್ನ ಮಗಳಿಗೆ ಆರು ವರ್ಷ. ಜ್ವರ ಬಂತು, ಅನ್ನ ನುಂಗಲಾಗದೆಂದು ಅತ್ತಳು. ನಮ್ಮೂರ ಕೆಂಪು ಬಾಳೆಹಣ್ಣು ಹಿಸುಕಿ ತಿನ್ನಿಸಿ, ಆಮೇಲೆ ಗಂಟಲು ನೋಡಿದೆ. ಬೆಳ್ಳಗೆ ಏನೋ ಅಂಟಿತ್ತು. ಈಗ ತಾನೇ ತಿಂದ ಹಣ್ಣಲ್ಲವೇ, ಸಿಪ್ಪೆ ಕೆಂಪಾದರೂ ತಿರುಳು ಬಿಳಿಯೇ ಅಂದುಕೊಂಡು ಚಮಚ ತೊಳೆದಿಟ್ಟೆ. ಮರುದಿನ ಮಧ್ಯಾಹ್ನ ಕುತ್ತಿಗೆ ಊದಿತು. ಕಲಬುರಗಿಗೆ ಓಡಿದೆವು.

"ನಿನ್ನಿ ನೋಡಿದ್ದೇನು ತಂಗಿ?" ಅಕ್ಕೋರು ಕೇಳಿದರು.

"ನೋಡಿದ್ನಿರೀ. ಏನೂ ಇದ್ದಿಲ್ಲ" ಅಂದೆ. ಹಾಳು ನಾಲಿಗೆ, ತಡವರಿಸಲೂ ಇಲ್ಲ.

ಮೂರನೆಯ ದಿನ ಮಗಳು ಹೋದಳು.

ಆಮೇಲೆ ಎರಡು ತಿಂಗಳು ಅಕ್ಕೋರು ಕಮಲಾಪುರಕ್ಕೆ ಬರಲಿಲ್ಲ. ಅಂಗನವಾಡಿ ಟೀಚರ್ ಹೇಳಿದರು: "ಚೊಲೋ ಕಲತಾಕಿ ನೋಡಿದ್ರೂ ಕಾಣಲಿಲ್ಲಂದ್ರ ನನ್ನ ಪಾಠದಾಗೇ ತಪ್ಪದ ಅಂದಾರ. ಇನ್ನ ಕಲಸಂಗಿಲ್ಲಂತ."

ನನ್ನ ಮಗಳನ್ನಂತೂ ಕಳೆದುಕೊಂಡೆ, ನನ್ನ ಒಂದು ಸುಳ್ಳಿಗೆ ಊರಿನ ಉಳಿದ ಮಕ್ಕಳೂ ಹೋಗಬೇಕೇ? ಮರುದಿನವೇ ಬಸ್ಸು ಹತ್ತಿದೆ.

ಅಕ್ಕೋರ ಮುಂದೆ ಕುಳಿತು ಎಲ್ಲ ಹೇಳಿದೆ. ಬೈಯಲಿ ಅಂತಲೇ ಹೋಗಿದ್ದೆ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿದ್ದೆನೋ ಏನೋ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀರು ಕುಡಿಸಿ ನೋಡ್ರಿ ಅಂತ ನಾ ಒಮ್ಮೆನೂ ಹೇಳಲಿಲ್ಲಲ್ಲ ತಂಗಿ. ಹಣ್ಣಿದ್ರ ನೀರಿಗೆ ಇಳೀತಿತ್ತು. ಪೊರಿ ಇಳೀತಿದ್ದಿಲ್ಲ."

ಇಬ್ಬರೂ ಅತ್ತೆವು. ಹೊರಗೆ ಪಾಳಿ ಹಚ್ಚಿ ನಿಂತ ರೋಗಿಗಳು ಕಾದೇ ಇದ್ದರು.

ಮುಂದಿನ ತಿಂಗಳು ಅಕ್ಕೋರು ಬಂದರು. ಪಾಠದ ಮೊದಲ ಮಾತೇ ಬದಲಾಗಿತ್ತು: "ಮೊದಲ ನೀರು ಕುಡಸ್ರಿ, ಆಮ್ಯಾಲ ನೋಡ್ರಿ." ಯಾಕೆಂದು ಅವರು ಯಾರಿಗೂ ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಸಾಯುವವರೆಗೂ ನನ್ನ ಮಾನ ಕಾಯ್ದರು.

ಅವರು ತೀರಿಕೊಂಡು ವರ್ಷವಾಯಿತು. ಈಗ ಅದೇ ಅಂಗನವಾಡಿಯಲ್ಲಿ ಪಾಠ ಹೇಳುವವಳು ನಾನು. ಮೊನ್ನೆ ಕಂಕುಳಲ್ಲಿ ಕೂಸು ಇದ್ದವಳೊಬ್ಬಳು ಕೇಳಿದಳು, "ನೀರು ಯಾಕ್ರೀ ಅಕ್ಕೋರ?"

"ನನ್ನ ಮಗಳು ಬಾಳೆಹಣ್ಣು ತಿಂದಿದ್ಲವ್ವಾ" ಅಂದೆ.