ಹತ್ತಕ್ಕೆ ಆರು

ಹಿರೇನಲ್ಲೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ಓಂಕಾರಮೂರ್ತಿ ಮೇಷ್ಟ್ರು ಹುಟ್ಟಾ ಅಂಜುಬುರುಕರು. ಹುಟ್ಟೂರು ಅಜ್ಜಂಪುರ. ಇನ್‌ಸ್ಪೆಕ್ಟರ್ ಬರುತ್ತಾರೆಂದರೆ ಹಿಂದಿನ ದಿನವೇ ಅವರಿಗೆ ಊಟ ಸೇರುತ್ತಿರಲಿಲ್ಲ. ಅಂಥವರನ್ನು ೧೯೮೫ರ ಬೇಸಿಗೆಯಲ್ಲಿ ಸಸಿ ಯೋಜನೆಯ ಅಧಿಕಾರಿಯೊಬ್ಬರು ಕಡೂರಿಗೆ ಕರೆಸಿ ಜೀಪು ಹತ್ತಿಸಿದರು. ಯೋಜನೆ ನೋಡಲು ಬಂದ ವಿದೇಶಿಯರಿಗಾಗಿ ಬೆಂಗಳೂರಿನಿಂದ ಬರಬೇಕಿದ್ದ ದುಭಾಷಿಗೆ ಜ್ವರವಂತೆ.

"ಎಷ್ಟು ಸಸಿ ಬದುಕಿದೆ ಅಂತ ಕೇಳ್ತಾರೆ. ನೂರಕ್ಕೆ ತೊಂಬತ್ತು ಅಂದ್ಬಿಡಿ. ನಿಮ್ಮ ಟ್ರಾನ್ಸ್‌ಫರ್ ವಿಷಯ ನನ್ನ ಕಿವೀಗೂ ಬಿದ್ದಿದೆ ಮೇಷ್ಟ್ರೇ," ಎಂದರು ಅಧಿಕಾರಿ, ಮೆಲ್ಲಗೆ. ಅಂಥ ವಿಷಯವೇ ಇರಲಿಲ್ಲ. ಅದು ಬೆದರಿಕೆಯೆಂದು ತಿಳಿದು ಮೇಷ್ಟ್ರು ತಲೆಯಾಡಿಸಿದರು.

ಜೀಪಿನಲ್ಲಿದ್ದವರು ಮೂರು ದೇಶದ ಮೂವರು. ಬೋಳುಗುಡ್ಡಗಳಲ್ಲಿ ಗಿಡ ಬೆಳೆಸಲು ಆ ಮೂರು ದೇಶಗಳು ಸೇರಿ ಹಣ ಕೊಡುತ್ತಿದ್ದವು. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಅವರದು ಒಂದೇ ಜಗಳ. ಅರ್ಧ ಭಾರ ನಾವೇ ಹೊತ್ತಿದ್ದೇವೆ, ನಮಗಿಂತ ಸಿರಿವಂತರಾದ ನೀವು ಯಾಕೆ ಕಾಲುಭಾಗ ಮಾತ್ರ ಎಂದು ನರೆಗೂದಲ ಹೆಂಗಸು ಕೇಳಿದಳು. ನಾವು ಬೇರೆ ದೇಶಗಳಲ್ಲೂ ಕೊಡುತ್ತಿಲ್ಲವೇ, ಅದನ್ನು ಲೆಕ್ಕಕ್ಕೆ ಹಿಡಿಯಬೇಡವೇ ಎಂದ ಕುಳ್ಳಗಿನವನು. ಮೂರನೆಯವನು ಕಿಟಕಿಯಾಚೆ ನೋಡುತ್ತ ಹೇಳಿದ: "ಗಿಡ ಬದುಕಿಲ್ಲ ಅಂತ ಗೊತ್ತಾದರೆ ಮೊದಲು ಕೈ ಬಿಡುವವರು ಯಾರು ಅನ್ನೋದಷ್ಟೇ ಪ್ರಶ್ನೆ."

ಅದು ಪೂರ್ತಿ ಅರ್ಥವಾದದ್ದೇ ಮೇಷ್ಟ್ರಿಗೆ ಮುಳುವಾಯಿತು. ಆ ಹಣದಲ್ಲಿ ನಡೆಯುವ ಹಿರೇನಲ್ಲೂರಿನ ನರ್ಸರಿಯೊಂದರಲ್ಲೇ ಮೂವತ್ತು ಹೆಂಗಸರು ಮಣ್ಣು ತುಂಬಿ, ನೀರು ಹೊತ್ತು ಮನೆಯ ಒಲೆ ಹಚ್ಚುತ್ತಿದ್ದರು. ಅವರ ಅನ್ನ ಈಗ ತನ್ನ ನಾಲಿಗೆಯ ಮೇಲಿದೆ ಎನಿಸಿತು.

ಸಸಿ ನೆಟ್ಟಿದ್ದ ಹಿರೇನಲ್ಲೂರಿನ ಗೋಮಾಳದಲ್ಲಿ ಇಳಿದಾಗ ಈರಕ್ಕ ಕೊಡ ಕೆಳಗಿಟ್ಟು ನಿಂತಳು. ಅವಳೇ ಆ ಹೆಂಗಸರ ಮುಂದಾಳು. ನರೆಗೂದಲಾಕೆ ಕೇಳಿದ್ದನ್ನು ಮೇಷ್ಟ್ರು ಕನ್ನಡದಲ್ಲಿ ಕೇಳಿದರು.

"ಹತ್ತಕ್ಕೆ ಆರು ಉಳ್ಕಂಡವೆ ಕಣ್ರೀ ಮೇಷ್ಟ್ರೇ. ನಾವು ಹೊತ್ತು ಹಾಕಿದ್ ನೀರಿಗೆ ಅಷ್ಟೇಯ. ಇವ್ರು ಕಳಿಸ್ಬೇಕಿದ್ ಟ್ಯಾಂಕರ್ ಎರಡೇ ಸಲ ಬಂದಿದ್ದು," ಎಂದಳು ಈರಕ್ಕ, ಆರು ಬೆರಳು ಎತ್ತಿ ಹಿಡಿದು.

ಅಧಿಕಾರಿ ಕೆಮ್ಮಿದರು. "ತೊಂಬತ್ತು," ಎಂದುಬಿಟ್ಟರು ಮೇಷ್ಟ್ರು ಇಂಗ್ಲಿಷಿನಲ್ಲಿ.

ನರೆಗೂದಲಾಕೆ ಅವರ ಮುಖ ನೋಡಲಿಲ್ಲ. ಇನ್ನೂ ಇಳಿಯದ ಆ ಆರು ಬೆರಳುಗಳನ್ನು ನೋಡುತ್ತಿದ್ದಳು. "ತಪ್ಪಾಯಿತು. ನಾನು ಸುಳ್ಳು ಹೇಳಿದೆ. ಅರವತ್ತು," ಎಂದು ಮೇಷ್ಟ್ರು ತೊದಲಿ, ಟ್ಯಾಂಕರಿನ ಮಾತನ್ನೂ ಸೇರಿಸಿದರು.

ಆಮೇಲೆ ಮೂರು ತಿಂಗಳು ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಸಾಕು, ಮೇಷ್ಟ್ರು ಒಳಗೆ ಸೇರಿಕೊಳ್ಳುತ್ತಿದ್ದರು. "ಏನ್ರೀ, ಯಾರನ್ನಾದ್ರೂ ಕೊಂದ್ ಬಂದಿದೀರಾ?" ಎಂದು ಹೆಂಡತಿ ಗುರುಶಾಂತಮ್ಮ ಗದರಿದರೂ ಹೊರಗೆ ಬರುತ್ತಿರಲಿಲ್ಲ. ವರ್ಗಾವಣೆಯ ಕಾಗದ ಬರಲೇ ಇಲ್ಲ. ವರ್ಗವಾದದ್ದು ಆ ಅಧಿಕಾರಿಗೆ. ನರೆಗೂದಲಾಕೆಯ ದೇಶ ತನ್ನ ಪಾಲು ಇಳಿಸಿತು. ಕುಳ್ಳನ ದೇಶ ಸ್ವಲ್ಪ ಏರಿಸಿತು, ಹಣ ಮೊದಲು ನೀರಿಗೆ ಹೋಗಬೇಕೆಂಬ ಕರಾರಿನ ಮೇಲೆ. ಹಿರೇನಲ್ಲೂರಿನ ನರ್ಸರಿ ಉಳಿಯಿತು. ಮಿಕ್ಕ ಕೊರತೆ ತುಂಬಲು ಯಾರೂ ಒಪ್ಪದೆ ಅದೇ ಹಣದಲ್ಲಿ ನಡೆಯುತ್ತಿದ್ದ ಲಿಂಗದಹಳ್ಳಿಯ ನರ್ಸರಿ ಮುಚ್ಚಿತು.

ಮರುವರ್ಷ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತ ಹೆಂಗಸು ಮಾತಿಗೆ ಸಿಕ್ಕಳು. ತೀರ್ಥಮ್ಮ ಅಂತ, ಲಿಂಗದಹಳ್ಳಿಯವಳು. ಆ ನರ್ಸರಿಯಲ್ಲಿ ನಾಲ್ಕು ವರ್ಷ ದುಡಿದವಳು. ಎದ್ದು ಹೋಗಿಬಿಡೋಣ ಎನಿಸಿತು ಮೇಷ್ಟ್ರಿಗೆ. ಹೋಗಲಿಲ್ಲ. ಜೀಪಿನ ಜಗಳದಿಂದ ಹಿಡಿದು ಎಲ್ಲವನ್ನೂ ಹೇಳಿದರು.

ಅವಳು ಬಯ್ಯಲಿಲ್ಲ. "ಅಷ್ಟೊಂದು ಇದ್ದೋರು ಅವರವ್ರೊಳಗೇ ಹಂಚ್ಕಳಾಕಾಗ್ದೆ ನಮ್ ಬುಡಕ್ಕೆ ತಂದ್ರಾ ಮೇಷ್ಟ್ರೇ?" ಎಂದಳು.

ಮೇಷ್ಟ್ರು ಹೌದೆನ್ನುವಂತೆ ತಲೆಯಾಡಿಸಿದರು. ಲಿಂಗದಹಳ್ಳಿ ಬಸ್ಸು ಬಂತು. ಅವಳ ಗಂಟನ್ನು ಎತ್ತಿಕೊಟ್ಟು, ಬಸ್ಸು ಹೊರಡುವವರೆಗೂ ಕಿಟಕಿಯ ಕೆಳಗೇ ನಿಂತಿದ್ದರು.