ಕುಮ್ ಕೊಟ್ಟ ಡಬ್ಬಿ

ಥೂ, ಆ ವಾಸನೆ! ಕೊಳೆತ ಮೀನಿನ ವಾಸನೆ. ಫ್ರಿಜ್ ಖಾಲಿ ಮಾಡಿ ವಿನೆಗರ್ ಹಾಕಿ ಉಜ್ಜಿದೆ, ಸಿಂಕಿನ ಕೊಳವೆಗೆ ಕುದಿಯುವ ನೀರು ಸುರಿದೆ, ಏನೂ ಮಾಡದ ಕೆಳಗಿನ ಮನೆಯ ಬೆಕ್ಕಿಗೂ ಬೈದೆ. ಕೊನೆಗೆ ನೋಡಿದರೆ ಅದು ಬರುತ್ತಿದ್ದದ್ದು ನನ್ನ ಗಂಡನ ಕಂಪ್ಯೂಟರಿನೊಳಗಿಂದ.

ನನ್ನ ಗಂಡ ಮಿಲುತಿನ್ ಲೆಸ್ಕೊವಾತ್ಸ್ ಬೆಲ್‌ಗ್ರೇಡಿನಿಂದ ದೂರದ ನಮ್ಮ ಊರಿನಲ್ಲಿ ಮದುವೆ ವಿಡಿಯೊ ತೆಗೆಯುವವನು. ಅವನ ಬಗ್ಗೆ ಒಳ್ಳೆಯ ಮಾತುಗಳನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನನಗೆ ತಾಳ್ಮೆ ಉಳಿದಿರುವುದಿಲ್ಲ. ಬೇರೆ ಕ್ಯಾಮೆರಾದವರು ವಧುವಿನ ಹಿಂದೆ, ಕಹಳೆ ಊದುವವರ ಹಿಂದೆ ಓಡುತ್ತಾರೆ. ಇವನು ಮೂಲೆಯಲ್ಲಿ ಕುಳಿತ ಮುದುಕರನ್ನು ಹುಡುಕುತ್ತಾನೆ. ಸೂಪಿನಲ್ಲಿ ಬ್ರೆಡ್ ನೆನೆಸಿ ತಿನ್ನುವ ಬೊಚ್ಚುಬಾಯಿಯ ಅಜ್ಜ, ಕರವಸ್ತ್ರದಲ್ಲಿ ಕೇಕ್ ಕಟ್ಟಿಕೊಳ್ಳುವ ಅಜ್ಜಿ, ಇಂಥವರೇ ಬೇಕು ಅವನಿಗೆ. ‘ಮುಂದಿನ ಮದುವೆಗೆ ಇರ್ತಾರೋ ಇಲ್ವೋ’ ಎನ್ನುತ್ತಾನೆ. ಸಾವಾದ ಮನೆಯವರು ಎಷ್ಟೋ ಸಲ ನಮ್ಮ ಬಾಗಿಲು ತಟ್ಟಿ, ಯಾವುದೋ ಹಳೆಯ ಮದುವೆಯ ವಿಡಿಯೊದಿಂದ ಅಪ್ಪನ ನಗುವನ್ನೋ ಅಮ್ಮನ ಹಾಡನ್ನೋ ಕೇಳಿ ತೆಗೆದುಕೊಂಡು ಹೋಗಿದ್ದಾರೆ. ಅಂಥವನು. ಆದರೆ ಬಾಯಿಗೆ ಬೆರಳಿಟ್ಟರೂ ಕಚ್ಚಲು ಬಾರದ ಪ್ರಾಣಿ.

ತಿಹೊಮಿರ್ ಇವನ ಕುಮ್. ಅಂದರೆ ನಮ್ಮ ಮದುವೆಗೆ ಪಕ್ಕದಲ್ಲಿ ಸಾಕ್ಷಿಯಾಗಿ ನಿಂತವನು, ನಮ್ಮ ಮಗಳ ದೀಕ್ಷಾಸ್ನಾನದ ದಿನ ಇಗರ್ಜಿಯಲ್ಲಿ ಅವಳನ್ನು ಎತ್ತಿಕೊಂಡು ಹೆಸರಿಟ್ಟವನು. ಒಡಹುಟ್ಟಿದವನಿಗೆ ಬೈಯಬಹುದು, ಕುಮ್‌ಗೆ ಎದುರಾಡುವಂತಿಲ್ಲ. ‘ಕುಮ್ ಅಂದರೆ ಕಿತ್ತು ಬದಲಾಯಿಸುವ ಅಂಗಿಯ ಗುಂಡಿಯಲ್ಲ’ ಎಂದು ನಮ್ಮ ಹಿರಿಯರು ಗಾದೆ ಬೇರೆ ಕಟ್ಟಿಟ್ಟು ಹೋಗಿದ್ದಾರೆ, ಅವರಿಗೇನು.

ಆ ತಿಹೊಮಿರ್‌ನ ಮಗಳು ತಿಯಾನಾಳ ಮದುವೆ ಬೇಸಿಗೆಯ ಕೊನೆಯಲ್ಲಾಯಿತು. ಅವನ ತಾಯಿ ಸ್ತಾಮೆನಾ ಎರಡು ಕೋಲು ಹಿಡಿದು ನಡೆಯುತ್ತಿದ್ದ ಮುದುಕಿ. ಕಹಳೆಯ ಸದ್ದು ಕಿವಿಗೆ ಬಿದ್ದದ್ದೇ ಕೋಲುಗಳನ್ನು ಎಸೆದು ಎದ್ದಳು, ಕೈಕೈ ಹಿಡಿದು ಕುಣಿಯುವವರ ಸಾಲಿನ ಮುಂದೆ ಹೋಗಿ ನಿಂತಳು, ಕರವಸ್ತ್ರ ಬೀಸುತ್ತ ಇಡೀ ಸಭಾಂಗಣ ಸುತ್ತಿದಳು. ಎಲ್ಲರ ಮೊಬೈಲೂ ಮದುವಣಗಿತ್ತಿಯ ಕಡೆ. ಮುದುಕಿಯನ್ನು ಹಿಡಿದದ್ದು ಮಿಲುತಿನ್ ಒಬ್ಬನೇ. ಮದುವೆಯ ಮುಂದಿನ ವಾರವೇ ಸ್ತಾಮೆನಾ ನಿದ್ದೆಯಲ್ಲಿ ತೀರಿಕೊಂಡಳು.

ಸಮಾಧಿಯ ಹತ್ತಿರ ತಿಹೊಮಿರ್ ನನ್ನ ಗಂಡನ ತೋಳು ಹಿಡಿದುಕೊಂಡ.

“ಕುಮ್, ಅಮ್ಮ ಕುಣಿದದ್ದು ನಿನ್ ಹತ್ರ ಇದೆ ತಾನೆ? ನಲವತ್ತನೇ ದಿನದ ಊಟಕ್ಕೆ ನೆಂಟರೆಲ್ಲ ಬರ್ತಾರೆ. ಎಲ್ರೂ ನೋಡ್ಬೇಕು ಕಣೋ. ನಂಗೆ ಇನ್ನೇನೂ ಬೇಡ.”

“ಇದೆ ಕುಮ್, ಮಾಡಿಕೊಡ್ತೀನಿ” ಎಂದ ಇವನು.

ಇತ್ತು, ಕಂಪ್ಯೂಟರಿನೊಳಗೆ ಮಾತ್ರ. ಕ್ಯಾಮೆರಾದಲ್ಲಿದ್ದದ್ದನ್ನು ಆಗಲೇ ಅಳಿಸಿ ಅದರ ಮೇಲೆ ಇನ್ನೊಂದು ಮದುವೆ ತೆಗೆದಾಗಿತ್ತು.

ಹೊಸ ಕ್ಯಾಮೆರಾದ ಚಿತ್ರಗಳನ್ನು ಎಳೆಯಲಾರದೆ ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ಅದಕ್ಕೆಂದು ಮಿಲುತಿನ್ ಇಟ್ಟಿಗೆಯಷ್ಟು ದಪ್ಪದ ಹೊಸ ಗ್ರಾಫಿಕ್ಸ್ ಕಾರ್ಡ್ ತಂದ. ಆ ಕಾರ್ಡಿಗೆ ಕರೆಂಟ್ ಜಾಸ್ತಿ ಬೇಕು, ಕಂಪ್ಯೂಟರಿಗೆ ಕರೆಂಟ್ ಹಂಚುವ ಹಳೆಯ ಪವರ್ ಸಪ್ಲೈ ಸಾಲದು ಎಂದರು ಅಂಗಡಿಯವರು. ಸುದ್ದಿ ಕೇಳಿದ ತಿಹೊಮಿರ್ ಭಾನುವಾರದ ಗುಜರಿ ಸಂತೆಯಿಂದ ಒಂದು ಪವರ್ ಸಪ್ಲೈ ಡಬ್ಬಿ ಹಿಡಿದುಕೊಂಡು ಬಂದೇಬಿಟ್ಟ.

“ಕುಮ್ ಬದುಕಿರುವಾಗ ನೀನು ಅಂಗಡಿಗೆ ಹೋಗೋದಾ? ನೋಡಿಲ್ಲಿ, ಏಳುನೂರೈವತ್ತು ವ್ಯಾಟ್! ಫ್ಯಾನಲ್ಲಿ ಕೆಂಪು ಲೈಟು ಬೇರೆ!”

ನಾನು ಕೈಯಲ್ಲೆತ್ತಿ ನೋಡಿದೆ. ಖಾಲಿ ಬಿಸ್ಕತ್ತಿನ ಡಬ್ಬಿಯಷ್ಟು ಹಗುರ.

“ಇದರೊಳಗೆ ಏನಾದ್ರೂ ಇದೆಯಾ ತಿಹೊಮಿರ್? ಹಳೇದು ಎತ್ತೋಕೆ ಎರಡು ಕೈ ಬೇಕಿತ್ತಲ್ಲ?”

“ಈಗ ಎಲ್ಲಾ ಹಗುರವೇ ಜೊರ್ಕಾ. ನಿಂಗೆ ಅವೆಲ್ಲ ಅರ್ಥ ಆಗಲ್ಲ, ನೀನು ಕಾಫಿ ಮಾಡು.”

ಮಾಡಿದೆ. ಕುಡಿದ. ಎರಡು ಸಲ ತೇಗಿದ.

ಅವತ್ತಿನಿಂದ ಶುರುವಾಯಿತು. ಕಂಪ್ಯೂಟರ್ ಆನ್ ಆಗುತ್ತದೆ, ಫೋಟೊ ತೋರಿಸುತ್ತದೆ, ಹಾಡು ಹಾಡುತ್ತದೆ. ‘ಸಿನಿಮಾ ಮಾಡು’ ಎಂದು ಭಾರದ ಕೆಲಸ ಕೊಟ್ಟ ಕೂಡಲೇ ಪರದೆ ಕಪ್ಪು, ಒಳಗೆ ಟಿಕ್ ಎಂಬ ಸದ್ದು, ಅಲ್ಲಿಗೆ ಮುಗಿಯಿತು. ಸ್ತಾಮೆನಾ ಕೋಲು ಎಸೆಯುವಲ್ಲಿಗೆ ಬರುವಷ್ಟರಲ್ಲಿ ಪ್ರತಿ ಸಲವೂ ಸಾಯುತ್ತಿತ್ತು. ಮಿಲುತಿನ್ ಕಾರ್ಡನ್ನು ಓಡಿಸುವ ಡ್ರೈವರ್ ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದ. ವಿಂಡೋಸ್ ಹೊಸದಾಗಿ ಹಾಕಿದ. ಮೆಮೊರಿಯ ಪಟ್ಟಿಗಳನ್ನು ಕಿತ್ತು ರಬ್ಬರಿನಿಂದ ಉಜ್ಜಿದ. ಪ್ಲಗ್ ಬದಲಾಯಿಸಿದ, ಕಂಪ್ಯೂಟರನ್ನು ಅಡುಗೆಮನೆಗೆ ಹೊತ್ತು ತಂದು ನನ್ನ ಒಲೆಯ ಪಾಯಿಂಟಿಗೆ ಸಿಕ್ಕಿಸಿದ. ಅಲ್ಲೂ ಸತ್ತಿತು.

ಎದುರುಮನೆಯ ಚೆದೊಮಿರ್ ಬಂದ. ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು, ಬನಿಯನ್ ಮೇಲೆ ಬರುತ್ತಾನೆ, ಕಂಕುಳು ಕೆರೆಯುತ್ತಾನೆ. ಸಿಗರೇಟಿನ ಬೂದಿಯನ್ನು ತೆರೆದ ಕಂಪ್ಯೂಟರಿನೊಳಗೇ ಉದುರಿಸುತ್ತ ತೀರ್ಪು ಕೊಟ್ಟ.

“ಕಿಟಕಿ ಬಾಗಿಲು ಎರಡೂ ತೆಗೆದಿಟ್ಟಿದ್ದೀರಿ. ಅಡ್ಡಗಾಳಿ ಹೊಡೆದಿದೆ.”

“ಕಂಪ್ಯೂಟರಿಗೆ ಅಡ್ಡಗಾಳಿನಾ?”

“ಅಡ್ಡಗಾಳಿಗೆ ಮನುಷ್ಯನ ಬಾಯೇ ಸೊಟ್ಟ ಆಗತ್ತೆ, ಇನ್ನು ಇದು ಯಾವ ಲೆಕ್ಕ?”

ನನ್ನ ಗಂಡ ಹೋಗಿ ಕಿಟಕಿ ಮುಚ್ಚಿದ! ಬೇಯುತ್ತಿದ್ದ ಕೋಣೆಯಲ್ಲಿ ಕಂಪ್ಯೂಟರ್ ಇನ್ನೂ ಬೇಗ ಸತ್ತಿತು. ಆ ಮೀನಿನ ವಾಸನೆ ಶುರುವಾದದ್ದೂ ಆಗಲೇ. ನಾನು ಮಂಡಿಯೂರಿ ಕುಳಿತು ನಾಯಿಯ ಹಾಗೆ ಮೂಸಿ ನೋಡಿದೆ. ಬರುತ್ತಿದ್ದದ್ದು ನೆಟ್ಟಗೆ ಆ ಡಬ್ಬಿಯಿಂದ.

“ಇದನ್ನ ಬದಲಾಯಿಸಿ ನೋಡು ಮಿಲುತಿನ್.”

“ನಂಗೂ ಗೊತ್ತು.”

“ಗೊತ್ತಿದ್ದೂ ಸುಮ್ನಿದ್ದೀಯಾ?”

“ಕುಮ್ ಕೊಟ್ಟಿದ್ದು ಕಣೇ.”

“ಕೊಟ್ಟವನು ಕುಮ್. ಡಬ್ಬಿ ನಿಂಗೆ ಏನಾಗ್ಬೇಕು?”

ಗುಟ್ಟಾಗಿ ಬದಲಾಯಿಸೋಣವೆಂದರೆ ಕಂಪ್ಯೂಟರಿನ ಒಂದು ಬದಿ ಗಾಜು. ತಿಹೊಮಿರ್ ಭಾನುವಾರ ಬಂದವನೇ ಮೊದಲು ಅಲ್ಲಿ ಬಗ್ಗಿ, ‘ಆಹಾ, ನನ್ನ ಕೆಂಪು ಲೈಟು ಹೇಗೆ ಉರೀತಿದೆ!’ ಎಂದು ತೊಡೆ ತಟ್ಟಿಕೊಳ್ಳುತ್ತಿದ್ದ. ನಾನೇ ಅವನ ಮುಖಕ್ಕೆ ಹೇಳಿಬಿಡುವವಳಿದ್ದೆ. ಹೇಳಬಾರದೆಂದು ಮಿಲುತಿನ್ ನನ್ನಿಂದ ಮಗಳ ಮೇಲೆ ಆಣೆ ಹಾಕಿಸಿಕೊಂಡ. ‘ಹಾಗಾದ್ರೆ ಮುದುಕಿಯ ವಿಡಿಯೊನಾದ್ರೂ ಬೇರೆ ಕಡೆ ತೆಗೆದಿಡೋ’ ಎಂದೆ. ಸಿನಿಮಾ ಮುಗಿದ ಮೇಲೆ ಎಲ್ಲವನ್ನೂ ಒಟ್ಟಿಗೆ ತೆಗೆದಿಡುತ್ತಾನಂತೆ.

ನನ್ನ ಕಾಟ ತಡೆಯಲಾರದೆ ರಿಪೇರಿ ಅಂಗಡಿಯ ಬೊಗೊಸಾವ್‌ನ ಹತ್ತಿರ ಹೊತ್ತುಕೊಂಡು ಹೋದ. ನಾನೂ ಹೋದೆ, ಇವನನ್ನು ನಂಬಿ ಕಳಿಸುವಷ್ಟು ಹುಚ್ಚಿಯಲ್ಲ. ಬೊಗೊಸಾವ್ ಮುಚ್ಚಳ ತೆಗೆದ, ಮೂಗು ಮುದುಡಿಸಿದ, ನೇರವಾಗಿ ಡಬ್ಬಿಯ ಮೇಲೆ ಬೆರಳಿಟ್ಟ.

“ಈ ಕಸ ಎಲ್ಲಿ ಸಿಕ್ತು ನಿಮ್ಗೆ?”

ನನಗೆ ಅವನನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು.

“ನಮ್ಮ ಕುಮ್ ಕೊಟ್ಟಿದ್ದು” ಎಂದ ನನ್ನ ಗಂಡ.

ಬೊಗೊಸಾವ್ ಬೆರಳು ಹಿಂದಕ್ಕೆ ತೆಗೆದುಕೊಂಡ.

“ಓ... ಹಾಗಾದ್ರೆ ಕಾರ್ಡಿನದ್ದೇ ತಪ್ಪಿರಬಹುದು. ಡ್ರೈವರ್ ಇನ್ನೊಂದ್ಸಲ ಹಾಕಿ ನೋಡಿ.”

“ಈಗ ತಾನೇ ಕಸ ಅಂದ್ಯಲ್ಲಪ್ಪಾ!”

“ನಾನೇನೂ ಅನ್ಲಿಲ್ಲಮ್ಮ. ಕುಮ್‌ಗಳ ಮಧ್ಯೆ ನನ್ನ ಯಾಕೆ ಎಳೀತೀರಿ? ನಂಗೂ ಒಬ್ಬ ಕುಮ್ ಇದ್ದಾನೆ.”

ಛೀ! ಮೂರು ಜನ ಗಂಡಸರಲ್ಲಿ ಒಬ್ಬ ಗಾಳಿಗೆ ಬೈದ, ಒಬ್ಬ ಕಾರ್ಡಿಗೆ ಬೈದ, ಇನ್ನೊಬ್ಬ ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡ. ಮನೆಗೆ ಬಂದು ಕೈ ತೊಳೆದೆ, ಆದರೂ ಗಲೀಜು ಹೋದಂತೆ ಅನ್ನಿಸಲಿಲ್ಲ.

ಚಳಿಗಾಲದ ಚಟ್ನಿಗೆಂದು ಬಾಲ್ಕನಿಯಲ್ಲಿ ದಪ್ಪ ಮೆಣಸಿನಕಾಯಿ ಸುಡುತ್ತಿದ್ದೆ, ಒಳಗೆ ಢಂ ಎಂದಿತು. ಓಡಿ ಹೋದರೆ ಕೋಣೆಯ ತುಂಬ ಹೊಗೆ. ಮಿಲುತಿನ್ ಬರಿಗೈಯಲ್ಲಿ ವೈರ್ ಕಿತ್ತು ನಿಂತಿದ್ದ. ಕಾರ್ಡ್ ಹೋಯಿತು, ಬೋರ್ಡ್ ಹೋಯಿತು, ಮುದುಕಿಯ ವಿಡಿಯೊ ಇದ್ದ ಡಿಸ್ಕೂ ಹೋಯಿತು. ಬಸ್ ಡ್ರೈವರನ ಕೈಗೆ ಕೊಟ್ಟು ಆ ಡಿಸ್ಕನ್ನು ಬೆಲ್‌ಗ್ರೇಡಿನ ರಿಪೇರಿಯವರಿಗೆ ಕಳಿಸಿದೆವು. ಅದೇ ಡ್ರೈವರ್ ವಾಪಸ್ ತಂದ. ಒಳಗಿನದೆಲ್ಲ ಸುಟ್ಟಿದೆ, ಏನೂ ಸಿಗುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಮಿಲುತಿನ್ ಅದನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದ, ಊಟ ಬಿಟ್ಟ.

ನಲವತ್ತನೇ ದಿನದ ಹಿಂದಿನ ಸಂಜೆ ತಿಹೊಮಿರ್ ಬಂದ, ಕರಿ ಅಂಗಿ ಹಾಕಿಕೊಂಡು.

“ಎಲ್ಲಿ ಕುಮ್, ಕೊಡು. ದೊಡ್ಡ ಟಿವಿ ಕೇಳಿ ಇಸ್ಕೊಂಡು ಬಂದಿದ್ದೀನಿ.”

“ಕುಮ್, ಕಾಫಿ ಚೆಲ್ಲಿಬಿಟ್ಟೆ. ಕಂಪ್ಯೂಟರ್ ಮೇಲೆ. ಎಲ್ಲಾ ಹೋಯ್ತು.”

ನಾನು ಒಲೆಯ ಹತ್ತಿರ ನಿಂತಿದ್ದೆ. ಕಾಫಿಯಂತೆ! ನನ್ನ ಕಾಫಿಯ ಮೇಲೆ ತಪ್ಪು ಹಾಕಿದ! ಆಣೆ ನೆನಪಾಗಿ ತುಟಿ ಕಚ್ಚಿಕೊಂಡೆ. ತಿಹೊಮಿರ್ ಬಾಯಿಗೆ ಬಂದದ್ದನ್ನೆಲ್ಲ ಅಂದ. ಕೈಲಾಗದವನು ಅಂದ, ಕುಡುಕ ಅಂದ, ಸತ್ತವರಿಗೂ ದ್ರೋಹ ಮಾಡಿದೆ ಅಂದ. ಮಿಲುತಿನ್ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಬಾಗಿಲ ತನಕ ಹೋದ ತಿಹೊಮಿರ್ ತಿರುಗಿ ನಿಂತ.

“ನನ್ನ ಪವರ್ ಸಪ್ಲೈ ಬಿಚ್ಚಿಕೊಡು. ನಿನ್ನಂಥವನಿಗೆ ಕೊಟ್ಟಿದ್ದೇ ತಪ್ಪು. ತಿಯಾನಾಳ ಹೊಸ ಮನೆಗಾದ್ರೂ ಆಗತ್ತೆ. ಅವಳ ಕಂಪ್ಯೂಟರ್ ಮಂಚದ ಪಕ್ಕದಲ್ಲೇ ಇದೆ, ಮಲಗಿಕೊಂಡೇ ಸಿನಿಮಾ ನೋಡ್ಬಹುದು.”

ಇಂಥ ಹೊತ್ತಲ್ಲೂ ಕೊಟ್ಟ ಉಡುಗೊರೆ ವಾಪಸ್ ಕೇಳುವವನು! ಉಗಿಯಬೇಕೆನ್ನಿಸಿತು. ಮಿಲುತಿನ್ ಡಬ್ಬಿಯನ್ನು ತಂದ, ಆದರೆ ಕೊಡಲಿಲ್ಲ.

“ಇದನ್ನ ತಿಯಾನಾಗೆ ಹಾಕಬೇಡ ಕುಮ್.”

“ಯಾಕೆ?”

“ಕಾಫಿ ಚೆಲ್ಲಲಿಲ್ಲ.”

ಮುಚ್ಚಳ ಬಿಚ್ಚಿ ತೋರಿಸಿದ. ಒಳಗೆ ಮಸಿ ಹಿಡಿದ ಎರಡು ತಂತಿ, ಒಡೆದು ಸೋರಿದ ಏನೋ ಅಂಟು, ಮತ್ತೆ ಅದೇ ಹಾಳು ವಾಸನೆ. ತಿಹೊಮಿರ್ ಅದನ್ನು ನೋಡಿದ. ಗಾಜಿನ ಹಿಂದೆ ಕಪ್ಪಾಗಿದ್ದ ಕಂಪ್ಯೂಟರನ್ನು ನೋಡಿದ. ಕುರ್ಚಿ ಎಳೆದುಕೊಳ್ಳದೆ ನನ್ನ ಮೆಣಸಿನಕಾಯಿಯ ಬುಟ್ಟಿಯ ಮೇಲೆಯೇ ಕುಸಿದು ಕುಳಿತ.

“ಇದು ಕೆಟ್ಟಿದೆ ಅಂತ ನಿಂಗೆ ಯಾವಾಗ ಗೊತ್ತಾಯ್ತು?”

“ಮೊದಲ್ನೇ ವಾರಾನೇ.”

“ಮತ್ತೆ ನಂಗೆ ಯಾಕೋ ಹೇಳಲಿಲ್ಲ?”

“ಹೇಗೆ ಹೇಳ್ಲಿ? ನೀನು ನನ್ನ ಕುಮ್.”

ತಿಹೊಮಿರ್ ಅವನನ್ನೇ ನೋಡುತ್ತಿದ್ದ. ಕೂಗಾಟವೆಲ್ಲ ಇಳಿದುಹೋಗಿತ್ತು.

“ಅವಳು ನನ್ನ ಅಮ್ಮ ಕಣೋ” ಎಂದ.