ಹಗ್ಗದ ಬಳಿಯ ಕಂಡಕ್ಟರ್ ಅಕ್ಕ

ಬೆಳಗಿನ ಐದೂವರೆ. ಕ್ರೀಡಾಂಗಣದ ಪೂರ್ವ ಗ್ಯಾಲರಿಯ ಕುರ್ಚಿಗಳೆಲ್ಲ ಇಬ್ಬನಿಯಲ್ಲಿ ಒದ್ದೆಯಾಗಿವೆ. ಪಿಚ್ಚಿನ ಹೊದಿಕೆಯನ್ನು ಇನ್ನೂ ತೆಗೆದಿಲ್ಲ. ಐವತ್ತೆರಡು ವರ್ಷದ ಹೆಂಗಸೊಬ್ಬರು ಭುಜದ ಮೇಲೊಂದು ಒಣಬಟ್ಟೆ, ಕೈಯಲ್ಲೊಂದು ಹಿಂಡಿದ ಬಟ್ಟೆ ಹಿಡಿದು ಮೇಲಿನ ಸಾಲಿನಿಂದ ಕೆಳಗಿಳಿಯುತ್ತಿದ್ದಾರೆ. ಕುರ್ಚಿ ಒರೆಸುತ್ತಾರೆ, ಹಲಗೆಯನ್ನು ಅಂಗೈಯಿಂದ ಒಮ್ಮೆ ಒತ್ತಿ ನೋಡುತ್ತಾರೆ, ಸಡಿಲವಿದ್ದರೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮುಂದೆ ಹೋಗುತ್ತಾರೆ. ಇವತ್ತು ಸರಣಿಯ ಕೊನೆಯ ಟೆಸ್ಟ್ ಪಂದ್ಯದ ಐದನೇ ದಿನ.

ಒರೆಸುವ ಕೆಲಸ ಮುಗಿದ ಮೇಲೆ ಸಾಮಾನಿನ ಕೋಣೆಯಿಂದ ನೀಲಿ ಹಗ್ಗದ ಸುರುಳಿ ಬರುತ್ತದೆ. ಗ್ಯಾಲರಿಯ ನಡುವಿನ ಮೆಟ್ಟಿಲುಗಳ ಪಕ್ಕದಲ್ಲಿ ಇಪ್ಪತ್ತೆರಡು ಕಬ್ಬಿಣದ ಬಳೆಗಳಿವೆ. ಒಂದೊಂದರೊಳಗೂ ಹಗ್ಗ ತೂರಿಸಿ ಬಿಗಿಯುತ್ತಾರೆ. ಹಗ್ಗದ ಎಡಕ್ಕೆ ಆತಿಥೇಯ ತಂಡದವರ ಏಳುನೂರು ಕುರ್ಚಿ. ಬಲಕ್ಕೆ ಪ್ರವಾಸಿ ತಂಡದವರ ನಾನೂರ ನಲವತ್ತು.

“ಈ ಹಗ್ಗ ಯಾರನ್ನೂ ತಡೆಯಲ್ಲ. ಕಾಲೆತ್ತಿದ್ರೆ ದಾಟಬಹುದು” ಎನ್ನುತ್ತಾರೆ ಗಂಟು ಹಾಕುತ್ತ. “ದಾಟಬಾರದು ಅಂತ ನೆನಪು ಮಾಡೋಕೆ ಅಷ್ಟೇ ಇರೋದು. ತಡೆಯೋಕೆ ನಾನಿದ್ದೀನಲ್ಲ.”

ಈ ಮೆಟ್ಟಿಲ ಮೇಲೆ ಅವರು ನಿಲ್ಲುತ್ತಿರುವುದು ಹದಿನೇಳನೇ ವರ್ಷ. ಪ್ರೇಕ್ಷಕರ ಪಾಲಿಗೆ ಅವರು ‘ಕಂಡಕ್ಟರ್ ಅಕ್ಕ’. ಅದು ಬರೀ ತಮಾಷೆಯ ಹೆಸರಲ್ಲ. ಅವರು ಹನ್ನೊಂದು ವರ್ಷ ಖಾಸಗಿ ಬಸ್ಸಿನಲ್ಲಿ ಟಿಕೆಟ್ ಹರಿದವರು. ಒಂದು ದಿನ ಚಾಲಕ ದಿಢೀರನೆ ಬ್ರೇಕ್ ಹಾಕಿದಾಗ ಬಾಗಿಲ ಕಂಬಕ್ಕೆ ಬಡಿದು ಎಡಮಂಡಿಯ ಚಿಪ್ಪು ಒಡೆಯಿತು. ಆರು ತಿಂಗಳು ಮನೆಯಲ್ಲಿ ಮಲಗಿ ಎದ್ದಾಗ ಬಸ್ ಕಂಪನಿಯೇ ಮುಚ್ಚಿತ್ತು. ಕ್ರೀಡಾಂಗಣದಲ್ಲಿ ಜನರನ್ನು ಕೂರಿಸುವ ಕೆಲಸಕ್ಕೆ ಆಳು ಬೇಕಂತೆ ಎಂದು ಯಾರೋ ಹೇಳಿದರು, ಬಂದರು. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆಯಂತೆ: ನೂಕುನುಗ್ಗಲು ನಿಭಾಯಿಸ್ತೀರಾ? “ನಲವತ್ತು ಸೀಟಿನ ಬಸ್ಸಲ್ಲಿ ತೊಂಬತ್ತು ಜನಾನ ನಿಲ್ಲಿಸಿದೀನಿ ಸಾರ್ ಅಂದೆ. ನಾಳೆಯಿಂದ ಬನ್ನಿ ಅಂದ್ರು.”

ಆ ಒಡೆದ ಮಂಡಿ ಇಟ್ಟುಕೊಂಡೇ ದಿನಕ್ಕೆ ಅರವತ್ತು ಸಲವಾದರೂ ನಲವತ್ತನಾಲ್ಕು ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಕಳೆದುಹೋದ ಕನ್ನಡಕ ಹುಡುಕುವುದು, ತಲೆ ಸುತ್ತಿದವರನ್ನು ನೆರಳಿಗೆ ಕರೆದೊಯ್ಯುವುದು, ನೀರಿನ ಡ್ರಮ್ಮಿಗೆ ಎಂಟು ಸಲ ನೀರು ತುಂಬಿಸುವುದು, ಕುರ್ಚಿ ತಪ್ಪಿ ಕೂತವರನ್ನು ಎಬ್ಬಿಸುವುದು, ಎಲ್ಲವೂ ಅವರದೇ ಪಾಲು. ಆದರೆ ಅವರ ನಿಜವಾದ ಕೆಲಸ ಕಿವಿಯದು. ಹಗ್ಗದ ಆ ಕಡೆಯಿಂದ ಈ ಕಡೆಗೆ ಹಾರುವ ಮಾತುಗಳಲ್ಲಿ ಯಾವುದು ನಗು, ಯಾವುದು ಕಿಡಿ ಎಂದು ಕೇಳಿಸಿಕೊಳ್ಳುತ್ತಲೇ ಇರಬೇಕು.

ಮಾತಿಗೇನೂ ಇಲ್ಲಿ ಬರವಿಲ್ಲ. ಎಡಗಡೆಯ ಒಂಬತ್ತನೇ ಸಾಲಿನ ತುದಿಯಲ್ಲಿ ಒಬ್ಬ ಬಡಗಿ ಕೂರುತ್ತಾರೆ. ಅವರ ದನಿ ಎಷ್ಟು ಹರಿತವೆಂದರೆ ಗ್ಯಾಲರಿಯಲ್ಲಿ ಎಲ್ಲರೂ ಅವರನ್ನು ಗರಗಸ ಎಂದೇ ಕರೆಯುವುದು. ಹಗ್ಗದಾಚೆ, ಅದೇ ಸಾಲಿನಲ್ಲಿ ಪ್ರವಾಸಿ ತಂಡದ ತಮಟೆಯವರು. ಇಪ್ಪತ್ತಾರು ವರ್ಷದ ಹಿಂದೆ ಆ ದೇಶದಿಂದ ದುಡಿಯಲು ಬಂದು ಇಲ್ಲಿಯೇ ನೆಲೆ ನಿಂತವರು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಬೀಗ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾರೆ. ಬೀಗದವರಾದ್ದರಿಂದ ಗರಗಸ ಅವರನ್ನು ‘ಬೀಗರೇ’ ಎಂದು ಕರೆಯತೊಡಗಿದರು. ಹೆಸರು ಅಂಟಿಕೊಂಡಿತು. ಕ್ರಮೇಣ ಬಲಗಡೆಯ ನಾನೂರ ನಲವತ್ತು ಜನರೂ ‘ಬೀಗರ ಕಡೆಯವರು’ ಆದರು.

ಬೀಗರ ಪಕ್ಕದಲ್ಲಿ ಪ್ರತಿ ಸರಣಿಗೂ ಅವರ ಹೆಂಡತಿ ಇರುತ್ತಿದ್ದರು. ತಮಟೆ ಗಂಡನದು, ನಾಲಿಗೆ ಹೆಂಡತಿಯದು. ಎರಡು ವರ್ಷದ ಹಿಂದಿನ ಒಂದು ಮಾತುಕತೆಯನ್ನು ಕಂಡಕ್ಟರ್ ಅಕ್ಕ ನನಗೆ ಇಬ್ಬರ ದನಿಯಲ್ಲೂ ಆಡಿ ತೋರಿಸಿದರು.

“ಏನ್ ಬೀಗರೇ, ನಿಮ್ಮ ಓಪನರ್ ಇಷ್ಟು ಬೇಗ ವಾಪಸ್ ಬಂದ್ರು? ಏನಾದ್ರೂ ಮರೆತು ಹೋಗಿದ್ರಾ?” ಎಂದು ಗರಗಸ.

“ಹೂಂ, ಕ್ಯಾಚ್ ಹಿಡಿಯೋದು ಹೇಗೆ ಅಂತ ನಿಮ್ಮ ಹುಡುಗರಿಗೆ ಬರೆದಿಟ್ಟಿದ್ದ ಚೀಟಿ ಒಳಗೇ ಬಿಟ್ಟು ಬಂದಿದ್ರಂತೆ” ಎಂದು ಬೀಗರ ಹೆಂಡತಿ.

ಇಂಥ ಮಾತುಗಳಿಗೆ ಅಕ್ಕನ ಮನೆಯಲ್ಲಿ ಕಾಯುವವರೊಬ್ಬರಿದ್ದಾರೆ. ಎರಡನೇ ಮಹಡಿಯ ಎರಡು ಕೋಣೆಯ ಮನೆ. ಕಿಟಕಿಯ ಪಕ್ಕದ ಮಂಚದಲ್ಲಿ ಎಪ್ಪತ್ತೆಂಟರ ಅತ್ತೆ. ಸೊಸೆ ಚಪ್ಪಲಿ ಕಳಚುವ ಮುಂಚೆಯೇ ಅತ್ತೆ ಕೇಳುವುದು ರನ್ನು, ವಿಕೆಟ್ಟಿನ ಲೆಕ್ಕವನ್ನಲ್ಲ. “ಇವತ್ತು ಆವಮ್ಮ ಏನಂದ್ಳು?” ಎಂದು. ಗೂಡ್ಸ್ ಗಾಡಿ ಓಡಿಸುವ ಗಂಡನಿಗೆ ಕ್ರಿಕೆಟ್ ಎಂದರೆ ಆಕಳಿಕೆ. “ಕಿತ್ತಾಡೋದು ಕೇಳೋಕೆ ಟಿಕೆಟ್ ಯಾಕೆ ತಗೋಬೇಕು? ನಮ್ಮನೆಗೆ ಬಂದ್ರೆ ಆಯ್ತಪ್ಪ” ಎಂದು ನನ್ನೆದುರೇ ಹೇಳಿ ಹೆಂಡತಿಯ ಕಡೆ ಓರೆಗಣ್ಣಲ್ಲಿ ನೋಡಿದರು.

ಈ ಸಲದ ಸರಣಿಯಲ್ಲಿ ಮೂರು ಪಂದ್ಯ. ಮೊದಲನೆಯದೂ ಕೊನೆಯದೂ ಇದೇ ಮೈದಾನದಲ್ಲಿ. ಮೊದಲ ಪಂದ್ಯ ಮುಗಿದ ವಾರ ಇನ್ನೊಂದು ಊರಿನ ಮೈದಾನದಲ್ಲಿ ಬಾಟಲಿಗಳು ತೂರಿಬಂದು ಗಲಾಟೆಯಾಯಿತು. ಆ ಸುದ್ದಿ ಬಂದದ್ದೇ ತಡ, ಇಲ್ಲಿನ ಮ್ಯಾನೇಜರ್ ಪೂರ್ವ ಗ್ಯಾಲರಿಯ ನಡುವೆ ಆಳೆತ್ತರದ ಕಬ್ಬಿಣದ ಜಾಲರಿ ಹಾಕಿಸಲು ಹೊರಟರು. ಕಂಬ ನೆಡಲು ಮೆಟ್ಟಿಲ ಅಂಚಿನಲ್ಲಿ ಗುಂಡಿ ಕೊರೆದದ್ದೂ ಆಯಿತು. ಜಾಲರಿ ಬಂದರೆ ಹಗ್ಗ ಬೇಡ, ಹಗ್ಗದ ಬಳಿ ಆಳೂ ಬೇಡ.

ಅಕ್ಕ ಮ್ಯಾನೇಜರರ ಕೋಣೆಗೆ ಹೋದರು. “ಸಾರ್, ಹದಿನೇಳು ವರ್ಷದಲ್ಲಿ ನನ್ನ ಮೆಟ್ಟಿಲ ಮೇಲೆ ಒಂದು ದೂರು ಬಂದಿದ್ಯಾ, ತೆಗೆದು ನೋಡಿ ಅಂದೆ. ಅವರು ನಿಜವಾಗ್ಲೂ ಪುಸ್ತಕ ತರಿಸಿ ನೋಡಿದ್ರು” ಎನ್ನುತ್ತಾರೆ. ಪುಸ್ತಕ ಖಾಲಿಯಿತ್ತು. ಈ ಕೊನೆಯ ಪಂದ್ಯದ ಮಟ್ಟಿಗೆ ನೋಡೋಣ, ಒಂದೇ ಒಂದು ದೂರು ಬಂದರೂ ಜಾಲರಿಯೇ ಎಂದರು ಮ್ಯಾನೇಜರ್.

ಮೊದಲ ಪಂದ್ಯದಲ್ಲಿ ಬೀಗರ ಕುರ್ಚಿ ಖಾಲಿಯಿತ್ತು. ಆ ಕಡೆಯ ಹೆಂಗಸೊಬ್ಬರು ಅಕ್ಕನಿಗೆ ಮೆಲ್ಲಗೆ ಕಾರಣ ಹೇಳಿದ್ದರು: ಬೀಗರ ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಗಿದೆ. ಅಕ್ಕ ಅದನ್ನು ಯಾರಿಗೂ ಹೇಳಲಿಲ್ಲ. ಅತ್ತೆಗೂ ಹೇಳಲಿಲ್ಲ. ಕೊನೆಯ ಪಂದ್ಯದ ಮೊದಲೆರಡು ದಿನವೂ ಬೀಗರು ಬರಲಿಲ್ಲ. ಮೂರನೇ ದಿನ ಬಂದರು. ತಮಟೆಯನ್ನು ಪಕ್ಕದ ಕುರ್ಚಿಯ ಮೇಲಿಟ್ಟು ಕೂತರು. ಅವರ ಸೋದರಳಿಯ ಹಿಂದಿನ ಸಾಲಿನಲ್ಲಿದ್ದ.

ಊಟದ ವಿರಾಮ ಮುಗಿಯುತ್ತಿತ್ತು. ಗರಗಸರಿಗೆ ಬೀಗರು ಕಂಡ ಖುಷಿ. ಎದ್ದು ನಿಂತು, ಇಡೀ ಗ್ಯಾಲರಿಗೆ ಕೇಳುವಂತೆ ಕೂಗಿದರು: “ಏನ್ ಬೀಗರೇ, ಈ ಸಲ ಒಬ್ಬರೇ ಬಂದಿದ್ದೀರಿ? ನಿಮ್ಮೋರ ಬ್ಯಾಟಿಂಗ್ ನೋಡಿ ಮನೆಯವರು ತವರಿಗೆ ಹೊರಟುಹೋದ್ರಾ?”

ಎಡಗಡೆ ನಗು ಎದ್ದಿತು. ಬಲಗಡೆ ಒಬ್ಬರೂ ನಗಲಿಲ್ಲ. ಬೀಗರು ಮೈದಾನದ ಕಡೆಗೇ ನೋಡುತ್ತ ಕೂತರು. ಸೋದರಳಿಯ ಕುರ್ಚಿಗಳನ್ನು ಹಾರಿ ಹಗ್ಗದ ಬಳಿ ಬಂದ. ಅವನ ಹಿಂದೆ ಏಳೆಂಟು ಜನ. ಏನಾಯಿತೆಂದು ಗೊತ್ತಿಲ್ಲದೆಯೇ ಈ ಕಡೆಯಿಂದಲೂ ಅಷ್ಟೇ ಜನ ಎದ್ದರು.

ಅಕ್ಕನ ಕೊರಳಲ್ಲಿ ಸೀಟಿ ಇತ್ತು. ಊದಿದರೆ ಪೊಲೀಸರು ಬರುತ್ತಾರೆ. ಊದಲಿಲ್ಲ. ಹಗ್ಗದ ಮುಂದೆ ಅಡ್ಡ ನಿಂತು, ಬಸ್ಸಿನ ಹಿಂಬಾಗಿಲಿನಿಂದ ಚಾಲಕನಿಗೆ ಕೇಳಿಸಲು ಬಳಸುತ್ತಿದ್ದ ದನಿಯಲ್ಲಿ ಒಂದೇ ಸಲ ಕೂಗಿದರು: “ಎಲ್ಲಾ ಕೂತ್ಕೊಳ್ಳಿ! ನಿಂತಿರಬೇಕಾದೋಳು ಒಬ್ಬಳೇ, ಅದು ನಾನು!” ಜನ ತಡೆದು ನಿಂತರು. ಅಕ್ಕ ನೇರ ಗರಗಸರ ಬಳಿ ಹೋಗಿ ಕಿವಿಯಲ್ಲಿ ವಿಷಯ ಹೇಳಿದರು.

“ಅವರು ಕೂತ್ಕೊಳ್ಳಲಿಲ್ಲ, ಕುಸಿದ್ರು” ಎನ್ನುತ್ತಾರೆ ಅಕ್ಕ. “ಬೆಳಗ್ಗೆ ಬೀಗರು ಒಬ್ಬರೇ ಬಂದಿದ್ದು ನೋಡಿದಾಗಲೇ ನಾನು ಒಂದು ಮಾತು ಹೇಳಿಬಿಡಬೇಕಿತ್ತು. ಅವರ ನೋವನ್ನ ನಾನ್ಯಾಕೆ ಹಗ್ಗದಾಚೆ ಸಾಗಿಸಲಿ ಅಂತ ಸುಮ್ನಿದ್ದೆ. ಆವತ್ತಿನ ತಪ್ಪು ನಂದೇ.”

ಆ ಮಧ್ಯಾಹ್ನ ಆತಿಥೇಯ ತಂಡದ ಆಟಗಾರನೊಬ್ಬ ಶತಕ ಹೊಡೆದ. ಪೂರ್ವ ಗ್ಯಾಲರಿಯಲ್ಲಿ ಶಾಸ್ತ್ರಕ್ಕೆಂಬಂತೆ ಚಪ್ಪಾಳೆ ಬಿತ್ತು. ಚಹಾ ವಿರಾಮದಲ್ಲಿ ಬೀಗರು ತಮಟೆ ಹೊತ್ತು ಹೊರಟುಹೋದರು. ಸೋದರಳಿಯ ಅಕ್ಕನ ಬಳಿ ಬಂದು ದೂರಿನ ಪುಸ್ತಕ ಕೇಳಿದ. ಅಕ್ಕ ಕೊಟ್ಟರು, ತಮ್ಮದೇ ಪೆನ್ನನ್ನೂ ಕೊಟ್ಟರು. ಅವನು ನಾಲ್ಕು ಸಾಲು ಬರೆದ. ಸಂಜೆ ಅದನ್ನು ಮ್ಯಾನೇಜರರ ಮೇಜಿನ ಮೇಲಿಟ್ಟವರೂ ಅಕ್ಕನೇ.

ಕೊಡದೇ ಇರಬಹುದಿತ್ತಲ್ಲ ಎಂದು ಕೇಳಿದೆ. “ಅದು ಹೇಗ್ರೀ? ನೊಂದವರು ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ? ಹಾಗೆ ಮಾಡಿದ್ರೆ ಹದಿನೇಳು ವರ್ಷ ಖಾಲಿ ಇದ್ದ ಪುಸ್ತಕಕ್ಕೆ ಬೆಲೆ ಎಲ್ಲಿರುತ್ತೆ?”

ನಾಲ್ಕನೇ ದಿನ ಬೆಳಗ್ಗೆ ಗೇಟು ತೆರೆಯುವ ಮುಂಚೆಯೇ ಗರಗಸ ಹೊರಗೆ ನಿಂತಿದ್ದರು. ಹಿಂದಿನ ಸಂಜೆ ಬೀಗದ ಅಂಗಡಿ ಹುಡುಕಿಕೊಂಡು ಹೋಗಿದ್ದರಂತೆ, ಬಾಗಿಲು ಹಾಕಿತ್ತು. “ಅವರು ಇವತ್ತು ಬರ್ತಾರಾ ಅಕ್ಕಾ?” ಎಂದು ಕೇಳಿದರು. ಗೊತ್ತಿಲ್ಲ ಎಂದರು ಅಕ್ಕ. ಪ್ರವಾಸಿ ತಂಡದ ಎರಡನೇ ಇನ್ನಿಂಗ್ಸ್ ಶುರುವಾಗಿ ಒಂದು ಗಂಟೆಯ ಮೇಲೆ ಬೀಗರು ಬಂದರು. ನಿನ್ನೆಯಂತೆಯೇ ತಮಟೆಯನ್ನು ಪಕ್ಕದ ಕುರ್ಚಿಯ ಮೇಲಿಟ್ಟರು. ಆ ಕುರ್ಚಿಗೂ ಅವರೇ ಟಿಕೆಟ್ ಕೊಂಡಿದ್ದರು. ಅಭ್ಯಾಸಬಲದಿಂದ ಎರಡು ಕೇಳಿಬಿಟ್ಟೆ ಎಂದು ಬಾಗಿಲಲ್ಲಿ ಅಕ್ಕನಿಗೆ ಹೇಳಿದ್ದರು.

ಗರಗಸ ಹಗ್ಗದ ತನಕ ಬಂದು ನಿಂತರು. “ಅಕ್ಕಾ, ದಾಟ್ಲಾ?”

“ನನ್ನನ್ನ ಕೇಳಿದ್ರೆ ಟಿಕೆಟ್ ತೋರಿಸಿ ಅಂತೀನಿ. ಇರಿ, ಕೇಳಬೇಕಾದವರನ್ನ ಕೇಳಿ ಬರ್ತೀನಿ.”

ಅಕ್ಕ ಹೋಗಿ ಬೀಗರ ಮುಂದೆ ಬಗ್ಗಿ, “ಅವರು ಇಲ್ಲಿಗೆ ಬರ್ಲಾ ಅಂತ ಕೇಳ್ತಿದ್ದಾರೆ” ಎಂದರು. ಒಂದು ಓವರ್ ಪೂರ್ತಿ ಮುಗಿಯಿತು. ಅಕ್ಕ ಬಗ್ಗಿದಂತೆಯೇ ನಿಂತಿದ್ದರು, ಮಂಡಿ ಚುಚ್ಚುತ್ತಿತ್ತು. ಆಮೇಲೆ ಬೀಗರು ಕೈ ಚಾಚಿ ತಮಟೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು.

ಗರಗಸ ಬಂದು ಆ ಕುರ್ಚಿಯಲ್ಲಿ ಕೂತರು. “ನಂಗೆ ಗೊತ್ತಿರ್ಲಿಲ್ಲ” ಎಂದರು.

“ನಿಮಗೆ ಗೊತ್ತಿಲ್ಲ ಅನ್ನೋದು ನಂಗೆ ಗೊತ್ತಿತ್ತು” ಎಂದರು ಬೀಗರು. ಅವರೇ ಮುಂದುವರಿಸಿದರು: “ನಿಮಗೆ ಗರಗಸ ಅಂತ ಹೆಸರಿಟ್ಟಿದ್ದು ಅವಳೇ. ಮೊದಲನೇ ಸಲ ನಿಮ್ಮ ದನಿ ಕೇಳಿದಾಗ, ಯಾರ್ರೀ ಅದು, ಮರ ಕೊಯ್ತಿರೋದು ಅಂದ್ಲು. ಹಿಂದಿನವರು ಕೇಳಿಸ್ಕೊಂಡು ಹಬ್ಬಿಸಿಬಿಟ್ರು.”

“ಅಯ್ಯೋ! ಹೆಸರಿಟ್ಟೋರು ಯಾರು ಅಂತ ಎಂಟು ವರ್ಷದಿಂದ ಹುಡುಕ್ತಿದ್ದೀನಿ. ನಾನು ನಮ್ಮ ಷಡ್ಡಕನೇ ಇರಬೇಕು ಅಂತ ಅವನ ಜೊತೆ ಮಾತು ಬಿಟ್ಟಿದ್ದೆ!”

ಬೀಗರು ನಕ್ಕರು. ಅಷ್ಟರಲ್ಲಿ ಮೈದಾನದಲ್ಲಿ ಆತಿಥೇಯ ತಂಡದ ಫೀಲ್ಡರ್ ಕೈಗೆ ಬಂದ ಕ್ಯಾಚ್ ಬಿಟ್ಟ. ಬೀಗರು ತಮಟೆಗೆ ಎರಡು ಏಟು ಹಾಕಿ, “ನಿಮ್ಮೋರು ಇನ್ನೂ ಕಲಿತಿಲ್ವಾ?” ಎಂದರು. ಎಡಗಡೆಯಿಂದ ಯಾರೋ “ಗರಗಸ ಪಕ್ಷಾಂತರ ಮಾಡಿದ್ದಾರೆ, ಠೇವಣಿ ಜಪ್ತಿ ಮಾಡ್ರೋ!” ಎಂದು ಕೂಗಿದರು. ಬಲಗಡೆಯವರು, “ನಮಗೂ ಬೇಡ, ವಾಪಸ್ ತಗೊಳ್ಳಿ!” ಎಂದರು. ಗ್ಯಾಲರಿ ತನ್ನ ಎಂದಿನ ಗದ್ದಲಕ್ಕೆ ಮರಳಿತು. ನಿಯಮದ ಪ್ರಕಾರ ಗರಗಸರನ್ನು ಎಬ್ಬಿಸಬೇಕಿತ್ತು. ಅಕ್ಕ ನೀರಿನ ಡ್ರಮ್ ತುಂಬಿಸಲು ಹೋದರು. ಆ ಸಲ ಡ್ರಮ್ ತುಂಬುವುದಕ್ಕೆ ಊಟದ ವಿರಾಮದ ತನಕ ಹಿಡಿಯಿತಂತೆ.

ಆ ಸಂಜೆ ಸೋದರಳಿಯ ಮ್ಯಾನೇಜರರ ಕೋಣೆಗೆ ಹೋಗಿ, ತಾನು ಬರೆದ ನಾಲ್ಕು ಸಾಲಿನ ಕೆಳಗೆ ಐದನೆಯದು ಬರೆದ: ‘ನಮ್ಮ ನಮ್ಮಲ್ಲೇ ಸರಿಹೋಗಿದೆ.’ ಮ್ಯಾನೇಜರರನ್ನು ನಾನು ಭೇಟಿಯಾದಾಗ ಅವರು ಆ ಪುಟ ತೋರಿಸಿದರು. “ದೂರು ದೂರೇ. ಆದರೆ ಬರೆದವನೇ ಬಂದು ಮುಗಿಸಿದ ದೂರನ್ನ ನಾನು ನೋಡಿದ್ದು ಇದೇ ಮೊದಲು” ಎಂದರು. ಜಾಲರಿಯ ಸುರುಳಿಗಳು ಈಗ ವಾಹನ ನಿಲ್ಲಿಸುವ ಜಾಗಕ್ಕೆ ಬೇಲಿಯಾಗಲಿವೆ. ಮೆಟ್ಟಿಲ ಅಂಚಿನ ಗುಂಡಿಗಳಿಗೆ ಸಿಮೆಂಟು ಬಿದ್ದಿದೆ, ಇನ್ನೂ ಪೂರ್ತಿ ಆರಿಲ್ಲ.

ಮತ್ತೆ ಐದನೇ ದಿನಕ್ಕೆ ಬರೋಣ. ಸಂಜೆ ಪ್ರವಾಸಿ ತಂಡದ ಕೊನೆಯ ಜೋಡಿ ಹದಿಮೂರು ಓವರ್ ಕಚ್ಚಿಕೊಂಡು ನಿಂತು ಪಂದ್ಯವನ್ನು ಡ್ರಾ ಮಾಡಿದೆ. ಸರಣಿ ಸಮವಾಗಿದೆ. ಗೆದ್ದಷ್ಟೇ ಜೋರಾಗಿ ಬೀಗರ ತಮಟೆ ಕೇಳಿಸುತ್ತಿದೆ. ಎಡಗಡೆಯಿಂದ ಗರಗಸ, ಹೀಗೆ ಆಡೋದಾದ್ರೆ ಚಾಪೆ ದಿಂಬು ಕೊಟ್ಟು ಕಳಿಸಿ ಎಂದು ಕೂಗುತ್ತಿದ್ದಾರೆ. ಜನ ಇಳಿದುಹೋಗುತ್ತ ಹಗ್ಗದ ಮೇಲಿಂದಲೇ ಕೈ ಕುಲುಕುತ್ತಾರೆ. “ಮೆಲ್ಲಗೆ ಇಳೀರಿ, ಒಬ್ಬೊಬ್ರೇ” ಎನ್ನುತ್ತ ಅಕ್ಕ ಅವರನ್ನು ಮೆಟ್ಟಿಲು ದಾಟಿಸುತ್ತಿದ್ದಾರೆ.

ಗ್ಯಾಲರಿ ಖಾಲಿಯಾದ ಮೇಲೆ, ನೀವು ಯಾವ ತಂಡದವರು ಎಂದು ಕೇಳುತ್ತೇನೆ. ಈ ಪ್ರಶ್ನೆ ಅವರಿಗೆ ಹೊಸದಲ್ಲ. ಮೆಟ್ಟಿಲ ಮೇಲೆ ಕೂತು ಮಂಡಿಯನ್ನು ನೀವಿಕೊಳ್ಳುತ್ತಾರೆ.

“ಮೂರೇ ದಿನಕ್ಕೆ ಮುಗಿದ್ರೆ ಪರಿಚಯ ಆಗೋ ಹೊತ್ತಿಗೆ ಜನ ಎದ್ದು ಹೋಗಿಬಿಡ್ತಾರೆ. ಯಾರಾದ್ರೂ ಗೆಲ್ಲಲಿ, ಐದು ದಿನ ಆಡಲಿ. ನಂಗೆ ಅಷ್ಟೇ ಆಸೆ.”